ವಸಂತ್ ಕುಂಜ್‌ನಲ್ಲಿ ಅರಬ್ಬಿ ಸಮುದ್ರ

ಸಮುದ್ರದ ಪಾಠ ಮಾಡಬೇಕಾದರೆ ದೆಹಲಿಗೇ ಬರಬೇಕು. ನಮ್ಮ ಕಾರವಾರದಲ್ಲಿ ಮಾಡಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಕಿಟಕಿಯಾಚೆ ನೋಡಿ ಆಕಳಿಸುತ್ತಾರೆ ಅಷ್ಟೆ. ಇಲ್ಲಿನ ಯೂನಿವರ್ಸಿಟಿಯಲ್ಲಿ ಅರಬ್ಬಿ ಸಮುದ್ರ ಮತ್ತು ಅದರ ದ್ವೀಪಗಳ ಐಚ್ಛಿಕ ಪೇಪರ್ ಹಿಡಿದಾಗಿನಿಂದ ನನಗೆ ನಗು ಬರಿಸುವ ಪ್ರಸಂಗಗಳಿಗೆ ಬರವಿಲ್ಲ.

ಈ ವರ್ಷ ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ವಿಭಾಗದ ಮುಖ್ಯಸ್ಥರು ಕರೆದು, "ಮೇಡಂ, ಅಷ್ಟು ದೂರದ ಉಪ್ಪುನೀರು ನಮ್ಮ ಮಕ್ಕಳಿಗೆ ಯಾಕೆ? ಕೊನೆಯ ಕ್ಲಾಸಿಗೆ ಬಂದು ಕೂರ್ತೀನಿ. ಉಪಯೋಗ ಕಾಣದಿದ್ದರೆ ಮುಂದಿನ ವರ್ಷ ಹಿಮಾಲಯ ಇಡೋಣ," ಎಂದರು. ಕಡಲ ದಡದಲ್ಲಿ ಹುಟ್ಟಿದವಳಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ವಾದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವರ ಹೆಂಡತಿಯ ಫೋನು. "ನೀರು ಬಂತಾ? ಮೋಟರ್ ಹಾಕು, ಬಂದೆ," ಎಂದು ಎದ್ದೇ ಹೋದರು. ಅವರ ಮನೆಯೂ ವಸಂತ್ ಕುಂಜ್‌ನಲ್ಲಿ, ನಮ್ಮ ಪಕ್ಕದ ಬ್ಲಾಕಿನಲ್ಲೇ. ನಿವಾಸಿಗಳ ಸಂಘಕ್ಕೆ ಅಧ್ಯಕ್ಷರು ಬೇರೆ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎಂದು ಇಡೀ ಬ್ಲಾಕು ಅವರ ಪ್ರಾಣ ತಿನ್ನುತ್ತದೆ.

ಸೀಟಿ

ಮೊದಲ ದಿನ ಸಮುದ್ರ ನೋಡಿದವರು ಕೈ ಎತ್ತಿ ಎಂದೆ. ಒಬ್ಬಳೇ ಎತ್ತಿದಳು. "ನೋಯ್ಡಾದಲ್ಲಿ ನೋಡಿದೀನಿ ಮ್ಯಾಮ್. ವಾಟರ್ ಪಾರ್ಕಿನಲ್ಲಿ."

"ಅಲ್ಲಿ ಅಲೆ ಹೇಗೆ ಏಳುತ್ತೆ?"

"ಸೀಟಿ ಹೊಡೆದ ಕೂಡಲೇ ಏಳುತ್ತೆ. ಇನ್ನೊಂದು ಸೀಟಿಗೆ ನಿಲ್ಲುತ್ತೆ."

ಗಾಳಿ ಅಲೆಯನ್ನು ಎಬ್ಬಿಸುವ ಬಗೆಯನ್ನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದೆ. ಹುಡುಗಿ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, "ಅಚ್ಛಾ, ಏಳಿಸೋದು ಗಾಳಿ. ಹಾಗಾದ್ರೆ ಕಾರವಾರದಲ್ಲಿ ನಿಲ್ಲಿಸೋ ಸೀಟಿ ಯಾರು ಹೊಡೀತಾರೆ?" ಎಂದಳು.

ಬಾರ್ಡರ್

ದೆಹಲಿಯಲ್ಲೇ ಬೆಳೆದ ನನ್ನ ಮಗಳಿಗೆ ಅಂಜುದೀವದ ಫೋಟೋ ತೋರಿಸಿದೆ. ಕಾರವಾರದ ಪಕ್ಕದಲ್ಲೇ ಇದ್ದರೂ ಅದು ಗೋವಾಕ್ಕೆ ಸೇರಿದ ದ್ವೀಪ. ಪೋರ್ಚುಗೀಸರು ಕೋಟೆ ಕಟ್ಟಿಕೊಂಡು ಕೂತಿದ್ದರು, ಗೋವಾ ಬಿಡುವ ತನಕ ಇದನ್ನೂ ಬಿಡಲಿಲ್ಲ ಎಂದು ಇತಿಹಾಸ ಬಿಚ್ಚಿದೆ.

"ಮತ್ಲಬ್, ಅಂದ್ರೆ, ಕಣ್ಣೆದುರಿಗೇ ಇದೆ, ಆದ್ರೆ ಬೇರೆ ಸ್ಟೇಟ್?"

"ಹೌದು ಪುಟ್ಟಿ."

ಅವಳಿಗೆ ದ್ವೀಪದವರ ಮೇಲೆ ನಿಜಕ್ಕೂ ಕನಿಕರ ಬಂತು. "ಪಾಪ ಅಮ್ಮಾ. ನೋಯ್ಡಾಕ್ಕೆ ಹೋಗುವಾಗ ನಮ್ಮ ಆಟೋ ಭಯ್ಯಾ ಮಾಡೋ ಥರ ದೋಣಿ ಭಯ್ಯಾನೂ ಬಾರ್ಡರ್‌ನಲ್ಲೇ ಇಳಿಸಿಬಿಡ್ತಾನಾ?"

ಉಬ್ಬರ

ಕೊನೆಯ ಕ್ಲಾಸು ಬಂದೇ ಬಂತು. ಮುಖ್ಯಸ್ಥರು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತರು. ಇಳಿತದಲ್ಲಿ ದಡಕ್ಕೆ ಅಂಟಿಕೊಂಡ ಗುಡ್ಡ ಉಬ್ಬರದಲ್ಲಿ ದ್ವೀಪವಾಗುವುದು, ಹಿಂದಿನ ಹಡಗಿನವರು ಉಬ್ಬರ ಕಾದು ಬಂದರಿಗೆ ನುಗ್ಗುತ್ತಿದ್ದುದು, ಎಲ್ಲ ಹೇಳಿದೆ. ಅವರು ಆಕಳಿಸಿದರು. ನನ್ನ ಸಮುದ್ರ ಮುಳುಗಿತು ಅಂದುಕೊಂಡೆ.

"ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಸಲ ನೀರು ಬರುತ್ತೆ," ಎಂದೆ.

ಹಿಂದಿನ ಬೆಂಚು ಕಿರುಗುಟ್ಟಿತು. ಮುಖ್ಯಸ್ಥರು ನೆಟ್ಟಗೆ ಕೂತಿದ್ದರು. "ಎರಡು ಸಲ? ದಿನಾ?"

"ದಿನಾ ಸರ್."

"ಟೈಮಿಂಗ್ ಮೊದಲೇ ಗೊತ್ತಾಗುತ್ತಾ?"

"ಇಡೀ ವರ್ಷದ್ದು ಮುಂಚೆಯೇ ಅಚ್ಚು ಹಾಕ್ತಾರೆ. ಯಾವ ದಿನ, ಯಾವ ಹೊತ್ತು, ಎಷ್ಟು ಎತ್ತರ, ಎಲ್ಲ ಇರುತ್ತೆ."

"ಹಬ್ಬದ ದಿನವೂ?"

"ಹುಣ್ಣಿಮೆ, ಅಮಾವಾಸ್ಯೆಗೆ ಇನ್ನೂ ಜಾಸ್ತಿ ಏರುತ್ತೆ ಸರ್."

ಅವರು ಮೆಲ್ಲಗೆ, "ಇದನ್ನೆಲ್ಲ ನೋಡಿಕೊಳ್ಳೋದು ಯಾರು?" ಎಂದರು.

"ಮುಖ್ಯವಾಗಿ ಚಂದ್ರ ಸರ್."

ಮುಖ್ಯಸ್ಥರು ಎದ್ದು ಬೋರ್ಡಿನ ಬಳಿ ಬಂದರು. ನಾನು ಬರೆದಿದ್ದ ಚಂದ್ರನ ಚಿತ್ರವನ್ನು ದೇವರ ಪಟ ನೋಡುವಂತೆ ನೋಡಿದರು. "ಈ ಪೇಪರ್ ಇರಲಿ ಮೇಡಂ," ಎಂದರು. ನನಗೆ ಸಂತೋಷಕ್ಕೆ ಕಣ್ಣು ತುಂಬಿತು.

ಬಾಗಿಲ ತನಕ ಹೋದವರು ತಿರುಗಿ ನಿಂತು ಹೇಳಿದರು: "ಒಂದು ಮಾತು. ಮುಂದಿನ ವಾರ ನಮ್ಮ ಸಂಘದ ಸಭೆಗೂ ಬಂದು ಇದೇ ಪಾಠ ಮಾಡಿ. ಆದ್ರೆ ಆ ನೀರು ಉಪ್ಪು ಅಂತ ಮಾತ್ರ ಹೇಳಬೇಡಿ. ಜನ ಸ್ವಲ್ಪ ಹೊತ್ತಾದ್ರೂ ಸಂತೋಷವಾಗಿರಲಿ."