ತವರು ಬಿಟ್ಟ ಕಪ್ಪೆ

ಪಕ್ಕದವರ ಎಮ್ಮೆ ಹೆಚ್ಚು ಹಾಲು ಕರೆದರೆ ಹೊಟ್ಟೆ ಉರಿದುಕೊಳ್ಳುವವರನ್ನು ಬಲ್ಲೆ. ದಾಯಾದಿಯ ಬಾವಿಗೆ ನೀರು ಬಿದ್ದಿತೆಂದು ಊಟ ಬಿಟ್ಟವರನ್ನೂ ಬಲ್ಲೆ. ಇನ್ನೊಬ್ಬರ ಕಪ್ಪೆಗಳನ್ನು ಕಂಡು ಕರುಬಿದವನು ಮಾತ್ರ ಮಹಾರಾಷ್ಟ್ರದ ಗಡಿಯ ಈ ಜತ್ತ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಸಣ್ಣತನವೇ ಸರಿ. ಆದರೆ ನನಗೆ ದಿನಚರಿ ಬರೆಯುವ ಚಟ. ಹೊಟ್ಟೆಕಿಚ್ಚನ್ನೂ ತಾರೀಖು ಹಾಕಿಯೇ ಪಡುತ್ತೇನೆ.

ಮುಚ್ಚಂಡಿಯ ಹತ್ತಿರ ಅರಣ್ಯ ಇಲಾಖೆ ನೆಟ್ಟು ಬೆಳೆಸಿದ ಕಾಡಿದೆ. ಅದರೊಳಗಿನ ಹಳ್ಳದಲ್ಲಿ ಕಪ್ಪೆ ಎಷ್ಟಿವೆ, ನೆರಳು ಎಷ್ಟಿದೆ, ಕಲ್ಲಿನಡಿ ತೇವ ಉಂಟೋ ಇಲ್ಲವೋ ಎಂದು ವಾರಕ್ಕೊಮ್ಮೆ ನೋಡಿ ಬರೆಯುವುದು ನಮ್ಮ ಕೆಲಸ. ಹಳ್ಳದ ಮೇಲಿನ ಭಾಗ ನನ್ನದು, ಕೆಳಗಿನದು ಉಮದಿಯಿಂದ ಬಸ್ಸಿನಲ್ಲಿ ಬರುವ ಸುನಂದಾಳದು. ನನ್ನ ಕಡೆ ಇಲಾಖೆಯವರು ಹೋದ ವರ್ಷ ಮರ ಕಡಿದು ಬಯಲು ಮಾಡಿದ್ದಾರೆ. ಅವಳ ಕಡೆ ಹೊಂಗೆಗಳು ಹಳ್ಳಕ್ಕೆ ಚಪ್ಪರ ಹಾಕಿ ನಿಂತಿವೆ. ಆ ಚಪ್ಪರವನ್ನು ಕಂಡಾಗಲೆಲ್ಲ ನನ್ನ ನೆತ್ತಿ ಇನ್ನಷ್ಟು ಸುಡುತ್ತಿತ್ತು. ಆದರೂ ಲೆಕ್ಕದಲ್ಲಿ ಇಬ್ಬರೂ ಸಮ: ನಾಲ್ಕು, ನಾಲ್ಕು. ಮುಂದಿನ ಹಂಗಾಮಿಗೆ ಕಪ್ಪೆ ಹೆಚ್ಚಿರುವ ಭಾಗವೊಂದನ್ನೇ ಇಟ್ಟುಕೊಳ್ಳುವುದಾಗಿ ನಮ್ಮ ಮೇಲಿನ ಸಾಹೇಬರು ಮರಾಠಿಯಲ್ಲಿ ಹೇಳಿದ್ದರು. ಎಂದರೆ ಕೆಲಸ ಒಬ್ಬರಿಗೆ. ಅಂದಿನಿಂದ ನಾನು ಸುನಂದಾಳ ಹಳ್ಳಕ್ಕೆ ಒಂದು ಕೇರೆಹಾವನ್ನಾದರೂ ಕಳಿಸೆಂದು ದೇವರಲ್ಲಿ ಬೇಡತೊಡಗಿದೆ.

ಅಷ್ಟರಲ್ಲಿ ಮಳೆ ತಡವಾಯಿತೆಂದು ನಮ್ಮೂರ ಹೆಂಗಸರು ಕಪ್ಪೆಗಳ ಮದುವೆ ಮಾಡಿದರು. ಹೆಣ್ಣಿನ ಕಡೆಯ ಹಿರಿಯಳು ನಮ್ಮವ್ವ. ನಾನು ಜತ್ತಿನಿಂದ ಮರಳುವಾಗ ಮದುವೆ ಮುಗಿದಿತ್ತು, ಹೋಳಿಗೆ ಉಳಿದಿತ್ತು. ಕಪ್ಪೆ ಎಲ್ಲಿಯದೆಂದು ಕೇಳಲಿಲ್ಲ. ತುಪ್ಪ ಇದೆಯೇ ಎಂದು ಕೇಳಿದೆ.

ಮರುದಿನ ನನ್ನ ಭಾಗದಲ್ಲಿ ಮೂರೇ ಕಪ್ಪೆ. ಕಲ್ಲುಗಳನ್ನೆಲ್ಲ ಮಗುಚಿದೆ, ಮೂರೇ. ಸುನಂದಾ ಐದು ಎಂದು ಬರೆದು ಫೋಟೋ ಕಳಿಸಿದ್ದಳು. ಅವುಗಳಲ್ಲಿ ಎರಡಕ್ಕೆ ಹಣೆ ಹಳದಿ. ಸಾಹೇಬರು ನನಗೇ ಫೋನ್ ಮಾಡಿ, ಆ ಹುಡುಗಿಯ ಕಣ್ಣು ಎಷ್ಟು ಚುರುಕು, ಹೊಸ ಜಾತಿಯೇ ಇರಬಹುದು ಎಂದು ಹೊಗಳಿದರು. ಅನುಕಂಪ ಸಿಕ್ಕೀತೆಂದು ಫೋಟೋವನ್ನು ಅವ್ವನಿಗೆ ತೋರಿಸಿದೆ. ಅವಳ ಮುಖ ಅರಳಿತು.

"ಇಕಿ ನಮ್ಮ ಹುಡುಗಿ ಅಲ್ಲೇನೋ! ಬಾಜೂಕ ಕುಂತಾಂವ ಅಳಿಯ. ನಿನ್ನ ಹಳ್ಳದಾಗಿಂದ ಹಿಡದು, ಆ ಕೆಳಗಿನ ಹಳ್ಳದ ಗಂಡಿಗೆ ಕೊಟ್ಟು ಬಂದೀವಿ."

ಹೊಟ್ಟೆಕಿಚ್ಚಿನ ಕಣ್ಣಿಗೆ ಅರಿಷಿಣ ಕೂಡ ಗುರುತು ಸಿಗುವುದಿಲ್ಲ. ಹಾಗಾದರೆ ಅದು ನನ್ನ ಕಪ್ಪೆ ಎಂದು ವಾದಿಸಿದೆ. "ಕೊಟ್ಟ ಮ್ಯಾಲ ಅಕಿ ಆ ಮನಿ ಲೆಕ್ಕದಾಗ," ಎಂದು ಅವ್ವ ಒಲೆಯ ಕಡೆ ತಿರುಗಿದಳು.

ಮರುದಿನ ಬೆಳಿಗ್ಗೆ ಒದ್ದೆ ಬಟ್ಟೆಯ ಚೀಲ ಹಿಡಿದು ಕೆಳಗಿನ ಹಳ್ಳಕ್ಕೆ ಇಳಿದೆ. ಸುನಂದಾ ನನಗಿಂತ ಮೊದಲೇ ಬಂದು ಹೊಂಗೆಯ ಬುಡದಲ್ಲಿ ಕೂತಿದ್ದಳು.

"ಬರ್ರಿ ಬೀಗರ, ಕುಂದ್ರಿ. ಮಗಳನ್ನ ಕರಕೊಂಡ ಹೋಗಾಕ ಬಂದ್ರೇನು?"

ಅರಿಷಿಣ ಅವಳ ಬೆರಳಿಗೆ ಹತ್ತಿತ್ತಂತೆ; ಹೆಣ್ಣು ಯಾವ ಹಳ್ಳದ್ದೆಂದು ನಮ್ಮೂರ ಹೆಂಗಸರನ್ನೇ ಕೇಳಿ ತಿಳಿದಿದ್ದಳಂತೆ. ಹೊಸ ಜಾತಿಯಲ್ಲ, ಮದುಮಕ್ಕಳು ಎಂದು ಸಾಹೇಬರಿಗೆ ತಾನೇ ತಿಳಿಸಿದ್ದಳು. ಅವರು ನಕ್ಕು, ಇದ್ದ ಜಾಗದಲ್ಲಿ ಎಣಿಸಿದ್ದೇ ಲೆಕ್ಕ ಎಂದಿದ್ದರು. ಪ್ರಾಮಾಣಿಕತೆಯಲ್ಲೂ ಅವಳು ನನಗಿಂತ ಮುಂದಾದದ್ದು ಕಂಡು ಇನ್ನೊಂದು ಸುತ್ತು ಕರುಬಿದೆ. ಚೀಲವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಆರಾಮ ಅದಾಳೇನು ಅಂತ ನೋಡಾಕ ಬಂದೆ. ಆಷಾಢಕ್ಕರ ಕಳಸ್ರಿ," ಎಂದೆ.

"ಕಳಸೂಣಂತ. ಮೊದ್ಲ ನಿಮ್ಮ ಮನ್ಯಾಗ ಒಂದು ಬೊಗಸಿ ನೀರರ ಇಡ್ರಿ."

ಕೆಲಸ ಅವಳಿಗೇ ಹೋಯಿತು. ಈಗ ಆಷಾಢ. ನನ್ನ ಭಾಗದ ಎಣಿಕೆ ನಿಂತರೂ ದಿನಾ ಸಂಜೆ ಒಂದು ಕೊಡ ನೀರು ಹೊತ್ತು, ಆ ಬೋಳು ಹಳ್ಳದ ಕಲ್ಲುಗಳ ನಡುವೆ ಸುರಿದು ಬರುತ್ತೇನೆ. ದಾರಿಯಲ್ಲಿ ಯಾರಾದರೂ ಕೇಳಿದರೆ ಸಸಿಗಳಿಗೆ ಎನ್ನುತ್ತೇನೆ. ಅಲ್ಲಿ ಒಂದು ಸಸಿಯೂ ಇಲ್ಲವೆಂದು ಕೇಳಿದವರಿಗೆಲ್ಲ ಗೊತ್ತು.