ಬೋಟಿನ ಬಾಗಿಲಿಗೆ ಆರು ನಾಯಿ

ಬಾಗಿಲು, ಕಿಟಕಿ ಮಾಡಿ ಹೊಟ್ಟೆ ಹೊರೆಯುವವರ ಬಾಳಿನಲ್ಲಿ ನಗೆಪಾಟಲಿನ ಸಂಗತಿಗಳು ನಡೆಯುತ್ತಲೇ ಇರುತ್ತವೆ. ಆದರೆ ನಾನೀಗ ಹೇಳುವ ನಾಲ್ಕೂ ಒಂದೇ ಕೆಲಸದಲ್ಲಿ ನಡೆದವು. ಆ ಕೆಲಸ ಶುರುವಾದಾಗ ನಾವಿಬ್ಬರಿದ್ದೆವು. ಮುಗಿದಾಗ ನಾನೊಬ್ಬನೇ ಉಳಿದಿದ್ದೆ.

ಹಿರಿಯೂರಿನಲ್ಲಿ ನಮ್ಮದೊಂದು ವೆಲ್ಡಿಂಗ್ ಅಂಗಡಿ. ನಮ್ಮದು ಅಂದರೆ ನಮ್ಮ ಭಾವನದು, ಅಂದರೆ ಅಕ್ಕನ ಯಜಮಾನರದು. ಜವನಗೊಂಡನಹಳ್ಳಿ ಕಡೆ ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಕಬ್ಬಿಣದ ಕೆಲಸ ಕಲಿತವರು. ಗೇಟು, ಗ್ರಿಲ್ಲು, ಶಟರು ಬಿಟ್ಟು ಬೇರೇನೂ ಮಾಡಿದವರಲ್ಲ. ಅಂಥವರಿಗೆ ಒಂದು ದಿನ ಮಾರಿಕಣಿವೆ ಡ್ಯಾಮಿನ ಸರ್ಕಾರಿ ಬೋಟಿನ ಕೆಲಸ ಬಂತು. ಹಳೇ ಬೋಟು, ಕ್ಯಾಬಿನ್ ತುಕ್ಕು ಹಿಡಿದು ಉದುರುತ್ತಿತ್ತು. ಹೊಸ ಬಾಗಿಲು, ಕಿಟಕಿ ಕೂರಿಸಬೇಕಿತ್ತು. ಜೊತೆಗೆ ಕೊಟ್ಟ ಡ್ರಾಯಿಂಗು ಮಾತ್ರ ಸಮುದ್ರದ ಹಡಗಿನದು. ಅದರ ತುಂಬ ಇಂಗ್ಲಿಷು. ಭಾವ ಏಳನೇ ಕ್ಲಾಸು, ನಾನು ಪಿಯುಸಿ ಫೇಲು.

೧. ನಾಯಿಗಳು

ಡ್ರಾಯಿಂಗಿನಲ್ಲಿ ಕ್ಯಾಬಿನ್ ಬಾಗಿಲಿನ ಪಕ್ಕ ‘ಡಾಗ್ಸ್, ಆರು’ ಅಂತ ಬರೆದಿತ್ತು. ನಾನು ಎರಡು ಸಲ ಓದಿ ಹೇಳಿದೆ. ಭಾವ ನಂಬಲಿಲ್ಲ. ಡ್ರಾಯಿಂಗು ಸುತ್ತಿಕೊಂಡು ಸೀದಾ ಕೆಲಸ ಕೊಟ್ಟ ಎಂಜಿನಿಯರ್ ಹತ್ತಿರ ಹೋದರು.

“ಸಾರ್, ಒಂದು ಬಾಗಿಲಿಗೆ ಆರು ನಾಯಿ ಬರೆದವ್ರೆ.”

ಎಂಜಿನಿಯರ್ ಹೊಸಬರು. ಗೊತ್ತಿಲ್ಲ ಅನ್ನಲು ನಾಚಿಕೆ. “ಕಾವಲಿಗಿರಬೇಕು” ಅಂದರು.

“ನಮ್ಮಪ್ಪನ ಮುನ್ನೂರು ಕುರಿಗೆ ಎರಡೇ ನಾಯಿ ಇದ್ವು ಸಾರ್. ನೀರಿನ ಮಧ್ಯ ನಿಂತಿರೋ ಬೋಟಿಗೆ ಆರು ಯಾಕೆ?”

ಅವರು ಯಾರಿಗೋ ಫೋನ್ ಮಾಡಿ ಕೇಳಿದ ಮೇಲೆ ತಿಳಿಯಿತು. ನೀರು ಒಳಗೆ ಬರದಂತೆ ಬಾಗಿಲನ್ನು ಸುತ್ತಲೂ ಬಿಗಿಹಿಡಿಯುವ ತಿರುಗಣಿ ಚಿಲಕಕ್ಕೆ ಹಡಗಿನವರು ನಾಯಿ ಅನ್ನುತ್ತಾರಂತೆ. “ಚಿಲಕ ಅನ್ನಕ್ಕೇನು ದಾಡಿ ಇವರಿಗೆ” ಎಂದು ಬೈಯುತ್ತಲೇ ಭಾವ ಆರನ್ನೂ ಮಾಡಿ ಕೂರಿಸಿದರು. ತಪಾಸಣೆಗೆ ಬಂದ ಗುಮಾಸ್ತರು ಹೇಗಿದೆ ಎಂದು ಕೇಳಿದರು. “ಎಲ್ಲಾ ಗಟ್ಟಿಯಾಗಿ ಕಚ್ಕೊಂತವೆ ಸಾರ್” ಅಂದರು ಭಾವ. ಗುಮಾಸ್ತರು ಕನ್ನಡಾಭಿಮಾನಿ. ವರದಿಯಲ್ಲಿ ಹೀಗೆ ಬರೆದರು: ‘ಬಾಗಿಲಿಗೆ ಅಳವಡಿಸಿರುವ ಆರೂ ನಾಯಿಗಳು ಸಮರ್ಪಕವಾಗಿ ಕಚ್ಚುತ್ತಿರುವುದನ್ನು ಖುದ್ದಾಗಿ ಪರೀಕ್ಷಿಸಲಾಗಿದೆ.’

೨. ಸೀನು

ಮುಂದಿನ ಪುಟದಲ್ಲಿ ‘ಹ್ಯಾಚ್ ಕೋಮಿಂಗ್’ ಅಂತ ಇತ್ತು. ಹ್ಯಾಚ್ ಅಂದರೆ ಬೋಟಿನ ಮೇಲ್ಗಡೆಯಿಂದ ಒಳಗಿಳಿಯುವ ಕಿಂಡಿಯ ಮುಚ್ಚಳ ಅಂತ ಅಷ್ಟೊತ್ತಿಗೆ ಗೊತ್ತಾಗಿತ್ತು. ಕೋಮಿಂಗ್ ಗೊತ್ತಿರಲಿಲ್ಲ. “ಬರ್ತಾ ಐತೆ ಅಂತ ಅರ್ಥ ಭಾವ. ಬರೆಯೋರು ಕಮಿಂಗಿಗೆ ಒಂದು ಅಕ್ಷರ ಜಾಸ್ತಿ ಹಾಕವ್ರೆ” ಅಂದೆ. ಪಿಯುಸಿವರೆಗೆ ಓದಿದವನ ಮಾತಲ್ಲವೇ, ಭಾವ ನಂಬಿದರು. ಬೋಟಿನ ಸಾಮಾನು ಸಿಗುವ ಮಂಗಳೂರಿನಿಂದ ಹ್ಯಾಚು ಬರುತ್ತದೆ ಅಂತ ಹದಿನೈದು ದಿನ ಇಬ್ಬರೂ ಲಾರಿ ದಾರಿ ಕಾದೆವು. ಬರಲಿಲ್ಲ. ಕೊನೆಗೆ ಭಾವ ಅಲ್ಲಿಯ ಬೋಟಿನ ಸಾಮಾನಿನ ಅಂಗಡಿಯೊಂದಕ್ಕೆ ಫೋನ್ ಹಚ್ಚಿದರು.

“ಏನು ಬೇಕಿತ್ತು?” ಅಂದರು ಆ ಕಡೆಯವರು.

“ಹ್ಯಾಚ್!” ಅಂತ ಭಾವ ಜೋರಾಗಿ ಕೂಗಿದರು.

“ನೂರು ವರ್ಷ ಬಾಳಿ. ಈಗ ಹೇಳಿ, ಎಂಥ ಬೇಕು?”

“ಹ್ಯಾಚ್ ರೀ, ಹ್ಯಾಚ್!”

“ಅಯ್ಯೋ, ನಿಮಗೆ ಶೀತ ಜೋರುಂಟು ಮಾರಾಯ್ರೆ. ಕಷಾಯ ಕುಡಿದು ಮಲಗಿ. ನಾಳೆ ಮಾತಾಡುವ.”

ಫೋನ್ ಇಟ್ಟೇಬಿಟ್ಟರು. ಮರುದಿನ ಮತ್ತೆ ಮಾತಾಡಿದಾಗ ಅವರೇ ತಿಳಿಸಿ ಹೇಳಿದರು. ಕೋಮಿಂಗ್ ಅಂದರೆ ಕಿಂಡಿಯ ಸುತ್ತ ನೀರು ನುಗ್ಗದಂತೆ ಎತ್ತರಿಸಿದ ಅಂಚು, ಒಂದು ಥರದ ಹೊಸ್ತಿಲು. ಅದನ್ನು ನಾವೇ ಮಾಡಬೇಕಿತ್ತು. ಭಾವ ನನ್ನ ಕಡೆ ತಿರುಗಿ, “ಏನಪ್ಪ ಪಿಯುಸಿ, ಹೊಸ್ತಿಲು ತಾನಾಗೇ ನಡ್ಕೊಂಡು ಬರ್ತೈತೆ ಅಂತ ಕುಂತಿದ್ದೇನು?” ಅಂದರು. ನಕ್ಕು ನಕ್ಕು ಅವರಿಗೆ ಕೆಮ್ಮು ಹತ್ತಿತು.

ಆ ಕೆಮ್ಮು ಆಗಲೇ ಎರಡು ತಿಂಗಳಿಂದ ಇತ್ತು. ಮಂಗಳೂರಿನ ಆ ಪುಣ್ಯಾತ್ಮರು, ಮುಖ ಕೂಡ ನೋಡದೆ, ನಿಮಗೆ ಹುಷಾರಿಲ್ಲ ಅಂದಿದ್ದರು. ದಿನವೂ ಪಕ್ಕದಲ್ಲೇ ಇದ್ದ ನಾನು ಅನ್ನಲಿಲ್ಲ.

೩. ಡೆಡ್ಡು

ಭಾವನನ್ನು ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದಾಗ ಕಿಟಕಿಗಳ ಕೆಲಸ ಬಾಕಿ ಇತ್ತು. ಬೋಟಿಗೆ ಆರು ದುಂಡು ಕಿಟಕಿ. ಒಂದೊಂದಕ್ಕೂ ಒಳಗಿನಿಂದ ಮುಚ್ಚುವ ಕಬ್ಬಿಣದ ತಟ್ಟೆ. ಆ ತಟ್ಟೆಗೆ ಡ್ರಾಯಿಂಗಿನಲ್ಲಿ ಡೆಡ್‌ಲೈಟ್ ಅಂತ ಹೆಸರು. ನಮ್ಮ ಬಾಯಲ್ಲಿ ಅದು ಬರೀ ಡೆಡ್ಡು.

ನಾನು ನೋಡಲು ಹೋದೆ. ಭಾವ ಆಕ್ಸಿಜನ್ ಮಾಸ್ಕು ಸರಿಸಿ ಮೊದಲು ಕೇಳಿದ್ದು ಅದನ್ನೇ.

“ಡೆಡ್ಡು ಎಷ್ಟಾದ್ವು?”

“ನಿನ್ನೆ ಎರಡು, ಇವತ್ತು ಬೆಳಗ್ಗೆ ಎರಡು ಭಾವ. ಉಳಿದ ಎರಡನ್ನ ನಾಳೆ ಮುಗಿಸ್ತೀನಿ.”

“ಗಟ್ಟಿಯಾಗಿ ಮುಚ್ಚು. ಒಳಗೆ ಉಸಿರಾಡೋಕೂ ಸಂದಿ ಇರಬಾರದು.”

ಪಕ್ಕದ ಹಾಸಿಗೆಯ ಅಜ್ಜಿ ಹೊದಿಕೆ ಎಳೆದುಕೊಂಡು ಎದ್ದು ಕೂತರು. ಸ್ವಲ್ಪ ಹೊತ್ತಿಗೆ ನರ್ಸಮ್ಮ ಬಂದು ಮೆಲ್ಲಗೆ, “ನೀವು ಏನು ಕೆಲಸ ಮಾಡೋರು?” ಅಂದರು.

“ಕಿಟಕಿ ಮಾಡ್ತೀವಿ ಸಿಸ್ಟರ್” ಅಂದರು ಭಾವ.

ಅಜ್ಜಿ ಸಮಾಧಾನವಾಗದೆ, “ಕಿಟಕಿ ಮಾಡಕ್ಕೆ ಇಷ್ಟು ಜನ ಸಾಯಬೇಕೇನಮ್ಮ?” ಅಂತ ನರ್ಸನ್ನೇ ಕೇಳಿದರು.

ಭಾವ ಎಷ್ಟು ನಕ್ಕರೆಂದರೆ ಅಕ್ಕ ನನ್ನನ್ನು ಬೈದು ಹೊರಗೆ ಕಳಿಸಿದಳು. ಬಾಗಿಲ ಹತ್ತಿರ ತಿರುಗಿ ನೋಡಿದೆ. ಮಾಸ್ಕಿನೊಳಗೆ ಇನ್ನೂ ನಗುತ್ತಿದ್ದರು. ಮರುದಿನ ಆರನೇ ತಟ್ಟೆ ಕೂರಿಸುತ್ತಿದ್ದಾಗ ಅಕ್ಕನ ಫೋನು ಬಂತು. ಉಳಿದಿದ್ದು ಒಂದೇ ಬೋಲ್ಟು. ಅದನ್ನು ಬಿಗಿ ಮಾಡಿಯೇ ಹೊರಟೆ. ಯಾಕೆ ಹಾಗೆ ಮಾಡಿದೆನೋ ಇವತ್ತಿಗೂ ಗೊತ್ತಿಲ್ಲ.

೪. ರೀ

ಬೋಟು ನೀರಿಗಿಳಿಸುವ ದಿನ ಅಕ್ಕನೂ ಬಂದಳು. ತೆಂಗಿನಕಾಯಿ ಒಡೆಸಿದೆವು. ದೊಡ್ಡ ಆಫೀಸರು ಒಬ್ಬರು ನೋಡಲು ಬಂದಿದ್ದರು, ಆರಡಿ ಆಳು.

ಬೋಟಿನ ಒಳಕ್ಕೆ ಮೆಟ್ಟಿಲಿಳಿಯುವಲ್ಲಿ ಒಂದು ಕುಳ್ಳ ಬಾಗಿಲು. ಅದಕ್ಕೂ ಡ್ರಾಯಿಂಗಿನಲ್ಲಿ ಮೊಳದುದ್ದದ ಹೆಸರೊಂದು ಇತ್ತು, ನಮ್ಮ ನಾಲಗೆ ಹೊರಳಲಿಲ್ಲ. ಕೆಲಸ ಮಾಡುವಾಗ ದಿನಕ್ಕೆ ನಾಲ್ಕು ಸಲ ನಾನು ಅದಕ್ಕೆ ಹಣೆ ಗುದ್ದಿಕೊಳ್ಳುತ್ತಿದ್ದೆ. ಹೇಳಿ ಹೇಳಿ ಸಾಕಾಗಿ ಭಾವ ಒಂದು ದಿನ ಕೆಂಪು ಬಣ್ಣ ಅದ್ದಿ ಚೌಕಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದುಬಿಟ್ಟಿದ್ದರು: ‘ಲೇ, ತಲೆ!’ ಅವರು ಹೋದ ಮೇಲೆ ಆ ಅಕ್ಷರದ ಮೇಲೆ ಬಣ್ಣ ಹೊಡೆಯಲು ನನಗೆ ಕೈ ಬರಲಿಲ್ಲ. ಸುತ್ತ ಮಾತ್ರ ಹೊಡೆದಿದ್ದೆ.

ಆಫೀಸರು ಮೆಟ್ಟಿಲಿಳಿಯುತ್ತ ತಲೆಯೆತ್ತಿ, “ಲೇ, ತಲೆ...” ಅಂತ ಓದಿದರು. ಓದುತ್ತಲೇ ಢಣ್ ಅಂತ ಗುದ್ದಿಕೊಂಡರು.

“ಯಾರ್ರೀ ಇದು ನನಗೆ ಲೇ ಅನ್ನೋದು? ಸರ್ಕಾರಿ ಬೋಟು ಇದು. ಅಳಿಸ್ರಿ ಮೊದಲು!”

ನಾನು ಥಿನ್ನರ್ ಬಟ್ಟೆ ಕೈಗೆ ತೆಗೆದುಕೊಂಡೆ. ಅಕ್ಕ ಮುಂದೆ ಬಂದಳು.

“ಅಳಿಸಬ್ಯಾಡ್ರಿ ಸಾರ್. ನಮ್ಮನೆಯವ್ರು ಬರೆದಿದ್ದು. ಇಪ್ಪತ್ತಾರು ವರ್ಷ ನನ್ನೂ ಲೇ ಅಂತಲೇ ಕರೆದ್ರು. ಈಗ ಹಂಗೆ ಕರೆಯೋರು ಯಾರೂ ಇಲ್ಲ.”

ಆಫೀಸರು ಹಣೆ ಉಜ್ಜಿಕೊಂಡರು. ಆಮೇಲೆ ದನಿ ತಗ್ಗಿಸಿ ನನಗೆ ಹೇಳಿದರು: “ಇರಲಿ ಬಿಡಪ್ಪ. ಆದ್ರೆ ನಾಳೆ ನನಗಿಂತ ದೊಡ್ಡೋರು ಬರ್ತಾರೆ. ಒಂಚೂರು ಮರ್ಯಾದೆ ಸೇರಿಸು.”

ನಾನು ಬಟ್ಟೆ ಕೆಳಗಿಟ್ಟು ಬ್ರಷ್ ತೆಗೆದುಕೊಂಡೆ. ಭಾವನ ಅಕ್ಷರ ಮುಟ್ಟದೆ, ಪಕ್ಕದಲ್ಲಿ ಒಂದೇ ಒಂದು ಅಕ್ಷರ ಸೇರಿಸಿದೆ. ಮಾರಿಕಣಿವೆಯ ಬೋಟಿನಲ್ಲಿ ಈಗಲೂ ಅದು ಹಾಗೇ ಇದೆ: ‘ಲೇ, ತಲೆ! ರೀ’

ಅಕ್ಕ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು:

“ನನಗೆ ಒಂದಿನಾನೂ ರೀ ಅಂದೋರಲ್ಲ. ಬೋಟು ಹತ್ತೋರಿಗೆ ಅಂದವ್ರೆ ನೋಡು!”