ಪೂವಪ್ಪನ ಅಜ್ಜನ ಬೋನು

ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಪೂವಪ್ಪ ಕಿಟಕಿಯ ಪರದೆ ಸರಿಸಿದಾಗ ಹೊರಗಿನ ಹುಲ್ಲುಹಾಸಿನ ಮೇಲೆ ಮೂರು ಮಣ್ಣಿನ ಗುಪ್ಪೆಗಳಿದ್ದವು. ಹಿಂದಿನ ಸಂಜೆ ಒಂದೂ ಇರಲಿಲ್ಲ. ಎದ್ದದ್ದೇನೋ ಎದ್ದವು, ಮೂರೂ ಅವನ ಕಿಟಕಿಯ ಕೆಳಗೇ ಏಳಬೇಕೆ?

ಕೊಲ್ಲಿ ನಾಡಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಆ ವಿಲ್ಲಾದಲ್ಲಿ ಮೂರು ಸಂಸಾರಗಳಿದ್ದವು. ಕೆಳಗೆ ಪೂವಪ್ಪ, ಮೇಲೆ ಹೋಟೆಲಿನಲ್ಲಿ ಕೆಲಸ ಮಾಡುವ ಮಂಗಳೂರಿನ ಫೆಲಿಕ್ಸ್, ಹಿಂಬದಿಯಲ್ಲಿ ಮೈಸೂರಿನ ಕಂಪ್ಯೂಟರ್ ಎಂಜಿನಿಯರ್ ಶಾಮಸುಂದರ. ಮಾಲೀಕನನ್ನು ಎಲ್ಲರೂ ಅರ್ಬಾಬ್ ಎಂದೇ ಕರೆಯುತ್ತಿದ್ದರು. ಶುಕ್ರವಾರದ ನಮಾಜು ಮುಗಿಸಿ ಬಂದು, ಅದೇ ಹುಲ್ಲಿನ ಮೇಲೆ ಕುರ್ಚಿ ಹಾಕಿಸಿಕೊಂಡು ಹಾಲಿಲ್ಲದ ಸುಲೈಮಾನಿ ಚಹಾ ಕುಡಿದು ಹೋಗುವುದು ಅವನ ವಾಡಿಕೆ. ಮರಳುಗಾಡಿನಲ್ಲಿ ಹುಲ್ಲು ಬೆಳೆಸುವುದೆಂದರೆ ಬೋಳುತಲೆಯಲ್ಲಿ ಕೂದಲು ಬೆಳೆಸಿದ ಹಾಗೆ. ಅದರ ಮೇಲೆ ಅವನಿಗಿದ್ದ ಅಭಿಮಾನ ಅಷ್ಟಿಷ್ಟಲ್ಲ.

ಪೂವಪ್ಪ ಗಡಿಬಿಡಿಯಲ್ಲಿ ಬಾಯಿ ಮುಕ್ಕಳಿಸಿದ. ಈ ಮನೆ ಅವನಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಮುಸಫ್ಫಾದ ಅವನ ಆಫೀಸೂ ಹತ್ತಿರ, ಮಗಳು ಅಪೇಕ್ಷಾಳ ಶಾಲೆಯೂ ಹತ್ತಿರ. ಇಂಥದ್ದು ಇನ್ನೊಂದು ಸಿಗಬೇಕಾದರೆ ಪುಣ್ಯ ಮಾಡಿರಬೇಕು. ಇದು ಕೈಬಿಟ್ಟು ಹೋದೀತೆಂಬ ಯೋಚನೆಯೇ ಅವನಿಗೆ ಸಹಿಸಲಾಗಲಿಲ್ಲ.

ಅವನು ಹೊರಗೆ ಬರುವಷ್ಟರಲ್ಲಿ ಶಾಮಸುಂದರ ಗುಪ್ಪೆಗಳ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ.

"ಏನ್ರೀ ಪೂವಪ್ಪ, ನಿಮ್ಮ ಕಿಟಕಿ ಕೆಳಗೇ ಇಲಿ ತೋಡಿದೆಯಲ್ರೀ. ಅಡುಗೆಮನೆ ಕಸ ಇಲ್ಲೇ ಸುರೀತೀರಾ?"

"ಇಲ್ಲ ಮಾರಾಯ್ರೆ. ನಮ್ಮ ಮನೆ ಕಸ ಯಾವಾಗಲೂ ಡಬ್ಬಿಗೇ ಹಾಕೋದು."

"ನಾನೇನೋ ನಂಬ್ತೀನಿ. ಅರ್ಬಾಬ್ ನಂಬಬೇಕಲ್ಲ. ಅವರ ಇನ್ನೊಂದು ವಿಲ್ಲಾದಲ್ಲಿ ಜಿರಳೆ ಬಂತು ಅಂತ ಒಂದು ಫ್ಯಾಮಿಲೀನೇ ಖಾಲಿ ಮಾಡಿಸಿದ್ರಂತೆ. ಯಾರೋ ಹೇಳಿದ್ರು."

ಮೇಲಿನಿಂದ ಫೆಲಿಕ್ಸ್ ಇಳಿದು ಬಂದ. ಪೂವಪ್ಪನ ಹೆಂಡತಿ ಜಲಜಾಕ್ಷಿಯೂ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಎಲ್ಲರೂ ತನ್ನನ್ನೇ ಅಪರಾಧಿಯಂತೆ ನೋಡುತ್ತಿರುವುದು ಪೂವಪ್ಪನಿಗೆ ತಡೆಯಲಾಗಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಇಲಿಗೆಲ್ಲ ಹೆದರುವ ಜನ ಅಲ್ಲ ನಾವು. ನನ್ನ ಅಜ್ಜ ಇಡೀ ಬೆಳ್ಳಾರೆ ಊರಿಗೇ ಬೋನು ಮಾಡಿ ಕೊಡ್ತಿದ್ರು. ಅವರು ಇಟ್ಟ ಬೋನಿಗೆ ಇಲಿ ಬೀಳದೆ ಇದ್ದದ್ದೇ ಇಲ್ಲ."

"ಹೌದಾ? ನನಗೆ ಇದು ಗೊತ್ತೇ ಇರಲಿಲ್ಲ," ಅಂದಳು ಜಲಜಾಕ್ಷಿ.

ಗೊತ್ತಿರಲು ಹೇಗೆ ಸಾಧ್ಯ? ಅಜ್ಜ ಸಂತೆಯಲ್ಲಿ ಒಂದು ಬಿದಿರಿನ ಬೋನು ಕೊಂಡು ತಂದು ದನದ ಹಟ್ಟಿಯ ಸೂರಿಗೆ ಸಿಕ್ಕಿಸಿದ್ದರು. ಅದು ಅಲ್ಲೇ ನೇತಾಡಿ ಗೆದ್ದಲಿಗೆ ಆಹಾರವಾಯಿತು. ಪೂವಪ್ಪ ಅದನ್ನು ಕೆಳಗೆ ನಿಂತು ನೋಡಿದ್ದನೇ ಹೊರತು ಕೈಯಲ್ಲಿ ಮುಟ್ಟಿದವನಲ್ಲ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಹಾಗಾದ್ರೆ ಚಿಂತೆ ಎಂತದ್ದು ಪೂವಪ್ಪಣ್ಣ," ಅಂದ ಫೆಲಿಕ್ಸ್. "ಅಂಗಡಿ ಎಲ್ಲ ಜುಮಾ ನಮಾಜು ಮುಗಿಯದೆ ತೆರೆಯುವುದಿಲ್ಲ. ನೀವೇ ಒಂದು ಬೋನು ಮಾಡಿ. ಅರ್ಬಾಬ್ ಬರುವ ಮೊದಲು ಇಲಿ ಹಿಡಿಯುವ. ಯಲ್ಲಾ, ಶುರು ಮಾಡುವ."

ಬಿದಿರು ಎಲ್ಲಿಂದ ಬರಬೇಕು? ಪ್ಲಂಬರ್ ಬಿಟ್ಟುಹೋಗಿದ್ದ ಒಂದು ತುಂಡು ಪಿವಿಸಿ ಪೈಪನ್ನು ಫೆಲಿಕ್ಸ್ ಗ್ಯಾಸ್ ಸಿಲಿಂಡರಿನ ಹಿಂದಿನಿಂದ ಎಳೆದು ತಂದ. ತನ್ನ ಮೀನಿನ ಗಾಳದ ಕೋಲನ್ನೂ ಕೊಟ್ಟ. ಶಾಮಸುಂದರ ಒಳಗೆ ಹೋಗಿ ಇಂಟರ್ನೆಟ್ಟಿನಲ್ಲಿ ಹುಡುಕಿ, ಒಂದು ಕಂತೆ ಕಾಗದ ಪ್ರಿಂಟ್ ತೆಗೆದುಕೊಂಡು ಬಂದ.

"ನಿಮ್ಮ ಅಜ್ಜನ ಬೋನಿಗೆ ದೊಡ್ಡ ಇತಿಹಾಸ ಇದೆ ಕಣ್ರೀ. ಇಂಗ್ಲೆಂಡಲ್ಲಿ ಮೋಲ್ ಅಂತ ಒಂದು ಪ್ರಾಣಿ. ಕಣ್ಣು ಸರಿಯಾಗಿ ಕಾಣಲ್ಲ, ನೆಲದೊಳಗೇ ಸುರಂಗ ತೋಡ್ಕೊಂಡು ಓಡಾಡತ್ತೆ. ಅದಕ್ಕೆ ಮೊದಲು ಮಣ್ಣಿನ ಕೊಳವೆ ಇಡ್ತಿದ್ರಂತೆ, ಆಮೇಲೆ ಮರದ್ದು, ಆಮೇಲೆ ಕಬ್ಬಿಣದ ಇಕ್ಕಳ. ಅದನ್ನ ಹಿಡಿಯೋಕೇ ಊರೂರಲ್ಲಿ ಒಬ್ಬೊಬ್ಬ ಇರ್ತಿದ್ದ. ಚರ್ಮ ಸೇರಿಸಿ ವೇಸ್ಟ್‌ಕೋಟ್ ಹೊಲಿಸ್ತಿದ್ರಂತೆ."

"ಇಲ್ಲಿ ಕೋಟು ಹೊಲಿಸುವಷ್ಟು ಇಲಿ ಉಂಟು ಅಂತ ಗೊತ್ತಾದ್ರೆ ಅರ್ಬಾಬ್ ನಮ್ಮ ಚರ್ಮವನ್ನೇ ಸುಲಿದಾರು," ಅಂದ ಫೆಲಿಕ್ಸ್.

ಕಾಗದದ ಚಿತ್ರವನ್ನು ಓರೆಗಣ್ಣಿನಿಂದ ನೋಡುತ್ತಾ ಪೂವಪ್ಪ ಅಜ್ಜನೇ ಹೇಳಿಕೊಟ್ಟಂತೆ ವಿವರಿಸತೊಡಗಿದ. ಕೊಳವೆಯನ್ನು ಸುರಂಗದ ದಾರಿಯಲ್ಲಿ ಹೂಳಬೇಕು. ಬಾಯಿಗೆ ದಾರದ ಉರುಳು, ನಡುವಿನ ತೂತಿಗೆ ಒಂದು ಸಣ್ಣ ಗೂಟ. ಹೊರಗೆ ನೆಟ್ಟ ಕೋಲನ್ನು ಬಗ್ಗಿಸಿ ಅದರ ತುದಿಗೆ ಉರುಳಿನ ದಾರ ಕಟ್ಟಿ ಆ ಗೂಟಕ್ಕೆ ಸಿಕ್ಕಿಸಬೇಕು. ಇಲಿ ಬಂದು ಮೂತಿಯಿಂದ ಗೂಟ ತಳ್ಳಿದರೆ ಕೋಲು ನೆಟ್ಟಗಾಗುತ್ತದೆ, ಉರುಳು ಬಿಗಿಯುತ್ತದೆ. ಹೇಳಲಿಕ್ಕೆ ಇಷ್ಟೇ.

"ಡ್ಯಾಡ್, ಅದಕ್ಕೆ ಬೇಬೀಸ್ ಇದ್ರೆ?" ಎಂದು ಕಿಟಕಿಯಿಂದ ಅಪೇಕ್ಷಾ ಕೇಳಿದಳು.

"ಓದು ಹೋಗು," ಅಂದ ಪೂವಪ್ಪ.

ಮೊದಲ ಪರೀಕ್ಷೆಗೆ ಶಾಮಸುಂದರ ತಾನೇ ಇಲಿಯಾದ. ಕೊಳವೆಯೊಳಗೆ ಬೆರಳು ಹಾಕಿ ಗೂಟ ತಳ್ಳಿದ. ಇಲಿಗೆಂದು ಕಟ್ಟಿದ ಉರುಳು ಅವನ ಬೆರಳಿಗೆ ಬಿತ್ತು. ಕೋಲು ಎಳೆದ ಎಳೆತಕ್ಕೆ ಅವನು ಹುಲ್ಲಿನ ಮೇಲೆ ಮಂಡಿಯೂರಿದ. ಬಿಡಿಸಲು ಫೆಲಿಕ್ಸ್ ಕತ್ತರಿ ತರಬೇಕಾಯಿತು.

"ಬೋನು ಕೆಲಸ ಮಾಡ್ತದೆ," ಎಂದು ಪೂವಪ್ಪ ತನಗೇ ಆಶ್ಚರ್ಯವಾಗಿ ಹೇಳಿದ.

ಎರಡನೆಯ ಸಲ ಗುಪ್ಪೆ ಅಗೆದು, ಸುರಂಗ ಹುಡುಕಿ, ಕೊಳವೆಯನ್ನು ಒಳಗಿಟ್ಟು ಮಣ್ಣು ಮುಚ್ಚಿದರು. ಕೋಲು ಇನ್ನೂ ಜೋರಾಗಿ ಚಿಮ್ಮಲಿ ಎಂದು ಪೂವಪ್ಪ ಅದನ್ನು ನೆಲ ಮುಟ್ಟುವಷ್ಟು ಬಗ್ಗಿಸಿದ. ಗೂಟಕ್ಕೆ ಅಷ್ಟು ತಾಕತ್ತು ಎಲ್ಲಿಂದ ಬರಬೇಕು? ಅದು ತಾನಾಗಿ ಕಿತ್ತುಬಂತು. ಕೋಲು ಎದ್ದು ರಪ್ಪನೆ ಪಕ್ಕದ ನೀರಿನ ಸ್ಪ್ರಿಂಕ್ಲರಿಗೆ ಬಡಿಯಿತು, ಅದರ ತಲೆಯೇ ಹಾರಿಹೋಯಿತು. ನೀರು ಆಳೆತ್ತರ ಚಿಮ್ಮಿ ಎಲ್ಲರನ್ನೂ ತೋಯಿಸಿತು.

"ವಾಲ್ವ್ ಎಲ್ಲಿ?" ಎಂದು ಫೆಲಿಕ್ಸ್ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಮೂವರೂ ಗೋಡೆ ಸುತ್ತಿ ಹುಡುಕಿ ನೀರು ನಿಲ್ಲಿಸುವಷ್ಟರಲ್ಲಿ ಅರ್ಬಾಬನ ಹುಲ್ಲು ನಾಟಿಗೆ ಸಿದ್ಧವಾದ ಗದ್ದೆಯಂತಾಗಿತ್ತು. ಪೂವಪ್ಪ ಕೆಸರಿನಲ್ಲಿ ಕೂತೇಬಿಟ್ಟ. ಇಲಿಯಿಂದ ಹೋಗಬಹುದಾಗಿದ್ದ ಮನೆ ಈಗ ತನ್ನ ಕೈಯಿಂದಲೇ ಹೋಯಿತು ಎಂದು ಅವನಿಗೆ ಅಳು ಬಂತು.

ಆಗ ಕೊಳವೆಯೊಳಗಿನಿಂದ ಪರಪರ ಸದ್ದು ಕೇಳಿಸಿತು. ಬಿಲಕ್ಕೆ ನೀರು ನುಗ್ಗಿದ್ದರಿಂದ ಇಲಿ ಜೀವ ಉಳಿಸಿಕೊಳ್ಳಲು ಕೊಳವೆಗೆ ಹೊಕ್ಕಿತ್ತು. ಕೊಳವೆಯ ಇನ್ನೊಂದು ತುದಿಗೆ ಪ್ಲಂಬರ್ ತುರುಕಿದ್ದ ಬಟ್ಟೆಯನ್ನು ಪೂವಪ್ಪ ತೆಗೆಯಲು ಮರೆತಿದ್ದ. ಮುಂದೆ ಹೋಗಲು ದಾರಿಯಿಲ್ಲ, ತಿರುಗಲು ಜಾಗವಿಲ್ಲ. ಫೆಲಿಕ್ಸ್ ಕೊಳವೆ ಎತ್ತಿ ನೋಡಿದ. ಮರಳಿನ ಬಣ್ಣದ ಒಂದು ಬಾಲ ಹೊರಗೆ ನೇತಾಡುತ್ತಿತ್ತು.

ಸರಿಯಾಗಿ ಅದೇ ಹೊತ್ತಿಗೆ ಅರ್ಬಾಬನ ಬಿಳಿ ಲ್ಯಾಂಡ್ ಕ್ರೂಸರ್ ಗೇಟಿನೊಳಗೆ ಬಂತು.

ಅರ್ಬಾಬ್ ಇಳಿದು, ನಿಲುವಂಗಿಯನ್ನು ಎತ್ತಿ ಹಿಡಿದು, ನೀರನ್ನೂ ನೆನೆದವರನ್ನೂ ಬಾಲವನ್ನೂ ನೋಡಿದ. ಅವನ ಹಿಂದಿ ಅರ್ಧ ಅರಬ್ಬಿ, ಅರ್ಧ ಕೈಸನ್ನೆ. ಇದೇನೆಂದು ಕೇಳಿದ. ಪೂವಪ್ಪ ಕೆಸರಿನಿಂದ ಎದ್ದು ಕೈ ಒರೆಸಿಕೊಂಡ. ಫೆಲಿಕ್ಸನೇ ಮುಂದೆ ಬಂದು ಪೂವಪ್ಪನನ್ನು ತೋರಿಸಿ, ಇವರ ಅಜ್ಜ ಜಿಲ್ಲೆಗೇ ದೊಡ್ಡ ಬೋನುಗಾರ, ವಿದ್ಯೆ ಇವರಿಗೆ ರಕ್ತದಲ್ಲೇ ಬಂದಿದೆ, ನಿಮ್ಮ ಹುಲ್ಲು ಉಳಿಸಲು ಬೆಳಗಿನಿಂದ ಉಪವಾಸ ದುಡಿದಿದ್ದಾರೆ ಎಂದು ವರ್ಣಿಸಿದ. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ ಶಾಮಸುಂದರ ಹೌದು ಹೌದು ಎಂದು ತಲೆಯಾಡಿಸಿದ.

ಅರ್ಬಾಬ್ ಹೊಟ್ಟೆ ಹಿಡಿದುಕೊಂಡು ನಕ್ಕ. ಹುಲ್ಲಿನಲ್ಲಿ ಒಂದು ಇಲಿ ಇದ್ದರೆ ಏನಾಯಿತು, ಮಾಫಿ ಮುಶ್ಕಿಲ್, ಏನೂ ತೊಂದರೆಯಿಲ್ಲ, ಈ ಮರಳಿಗೆ ನಮಗಿಂತ ಮೊದಲು ಬಂದದ್ದು ಅದೇ ತಾನೆ ಎಂದ. ಬೆಳಿಗ್ಗೆ ಪರದೆ ಎಳೆದು ಮತ್ತೆ ಮಲಗಿದ್ದರೆ ಸಾಕಿತ್ತಲ್ಲ ಎಂದು ಪೂವಪ್ಪ ತನ್ನನ್ನೇ ಬೈದುಕೊಂಡ. ಆದರೂ ಮನೆ ಉಳಿಯಿತು ಎಂದು ಉಸಿರುಬಿಟ್ಟ.

ಅರ್ಬಾಬನ ಮಾತು ಮುಗಿದಿರಲಿಲ್ಲ. ಮರಳುಗಾಡಿನ ನಡುವೆ, ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿ, ಅಲ್ ಖತಮಿನ ಆಚೆ ಅವನದೊಂದು ಖರ್ಜೂರದ ತೋಟ. ಅಲ್ಲಿ ಇಲಿಗಳ ಕಾಟ ವಿಪರೀತ. ಇಂಥ ಕಸುಬುದಾರ ತನ್ನ ಮನೆಯಲ್ಲೇ ಇದ್ದಾನೆಂದು ಇಷ್ಟು ದಿನ ಗೊತ್ತಿರಲಿಲ್ಲ. ತೋಟದಲ್ಲಿ ಒಂದು ಒಳ್ಳೆಯ ಮನೆ ಖಾಲಿ ಇದೆ, ಪೂವಪ್ಪನ ಸಂಸಾರ ಅಲ್ಲಿಗೇ ಬಂದು ಸುಖವಾಗಿರಲಿ, ಬಾಡಿಗೆ ಮಾಫಿ. ಬೆಳಿಗ್ಗೆ ಆಡುಗಳನ್ನು ಪೇಟೆಗೆ ಒಯ್ಯುವ ಪಿಕಪ್ಪಿನಲ್ಲಿ ಅವನು ಆಫೀಸಿಗೂ ಮಗಳು ಶಾಲೆಗೂ ಹೋಗಬಹುದು.

"ವಿತ್ ಗೋಟ್ಸ್?" ಎಂದಳು ಅಪೇಕ್ಷಾ.

ಪೂವಪ್ಪ ಕೈಮುಗಿದ. "ಅರ್ಬಾಬ್, ನನಗೆ ಬೋನು ಮಾಡಲಿಕ್ಕೆ ಗೊತ್ತಿಲ್ಲ. ನನ್ನ ಅಜ್ಜನಿಗೂ ಗೊತ್ತಿರಲಿಲ್ಲ. ಅವರು ಸಂತೆಯಲ್ಲಿ ಕೊಂಡದ್ದು. ಈ ಇಲಿ ತಾನಾಗಿ ಬಂದು ಹೊಕ್ಕಿದ್ದು," ಎಂದು ತನಗೆ ಬಂದ ಹಿಂದಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡ. ಅಜ್ಜನ ಬಗ್ಗೆ ಬೆಳಗಿನಿಂದ ಅವನು ಆಡಿದ ನಿಜವಾದ ಮಾತೆಂದರೆ ಅದೊಂದೇ.

ಅರ್ಬಾಬ್ ಮೆಚ್ಚಿ ಅವನ ಬೆನ್ನು ತಟ್ಟಿದ. ದೊಡ್ಡ ಕಸುಬುದಾರರು ಹೀಗೇ ಮಾತಾಡುವುದು, ನನ್ನ ಗಿಡುಗ ಪಳಗಿಸುವವನೂ ತನಗೇನೂ ಬರುವುದಿಲ್ಲ ಎನ್ನುತ್ತಾನೆ ಎಂದ.

"ಹಾಗಾದ್ರೆ ಅರ್ಬಾಬ್," ಎಂದು ಶಾಮಸುಂದರ ವಿನಯದಿಂದ ಮುಂದೆ ಬಂದ, "ಈ ಕೆಳಗಿನ ಪೋರ್ಷನ್ ಖಾಲಿ ಆಗತ್ತಲ್ಲ. ನಮ್ಮ ಭಾವಮೈದ ಮನೆ ಹುಡುಕ್ತಿದ್ದಾನೆ."

"ಖಲಾಸ್, ಆಯಿತು. ಅವನಿಗೇ," ಎಂದ ಅರ್ಬಾಬ್.

ಜಲಜಾಕ್ಷಿ ಗಂಡನನ್ನು ಒಂದು ಸಲ ನೋಡಿ ಪಾತ್ರೆ ಕಟ್ಟಲು ಒಳಗೆ ಹೋದಳು.

ಹೊರಡುವ ಮುನ್ನ ಅರ್ಬಾಬ್ ಕೊಳವೆಯನ್ನು ತಾನೇ ಹಿಡಿದು ಹುಲ್ಲಿನ ಮೇಲೆ ಕೊಡವಿದ. ಪಾಪದ ಪ್ರಾಣಿ, ಒಂದೇ ಒಂದು, ಅದು ತನ್ನ ಮನೆಯಲ್ಲೇ ಇರಲಿ ಎಂದ. ಇಲಿ ಮೈ ಕೊಡವಿಕೊಂಡು ಕಿಟಕಿಯ ಕೆಳಗಿನ ಬಿಲಕ್ಕೆ ಹೊಕ್ಕಿತು. ಮುಂದಿನ ಶುಕ್ರವಾರ ಪೂವಪ್ಪ ಮನೆ ಖಾಲಿ ಮಾಡಿದ.